ಮದುವೆಗೆ ಪಿಕಪ್ ಬೇಕು

ನವನಗರದಲ್ಲಿ ವಿಜಯಮಹಾಂತೇಶ ಮಾಸ್ತರರ ಮನೆ ಕೇಳಿದರೆ ಯಾರೂ ಸೆಕ್ಟರ್ ನಂಬರ್ ಹೇಳುತ್ತಿರಲಿಲ್ಲ. “ಬಿಳೇ ಫಿಯಾಟ್ ನಿಂತಿರತೈತಲ್ಲ, ಅದ ಮನಿ” ಎನ್ನುತ್ತಿದ್ದರು. ಬಾದಾಮಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮಾಸ್ತರರಿಗೆ ಆ ಕಾರು ತಂದೆ ಅಂದಾನಪ್ಪನವರಿಂದ ಬಂದದ್ದು. ಹಳೆಯ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋಗುವಾಗ ಜನ ಬಾಗಿಲು, ಕಿಟಕಿ, ತೊಲೆ ಕಿತ್ತು ತಂದರು. ಅಂದಾನಪ್ಪನವರು ಸಾಮಾನಿನ ಟ್ರ್ಯಾಕ್ಟರಿನ ಹಿಂದೆ ಮೊದಲ ಗೇರಿನಲ್ಲೇ ಕಾರು ನಡೆಸಿಕೊಂಡು ಬಂದರು. ಅವರಿಗೆ ಗೊತ್ತಿದ್ದದ್ದು ಅದೊಂದೇ ವೇಗ. ಮಗಳು ಸುನಂದಾಳ ಮದುವೆಯಲ್ಲೂ ಬಾಜಾದವರ ಹಿಂದೆ ಅದೇ ವೇಗದಲ್ಲಿ ಅವಳನ್ನು ಮಂಟಪಕ್ಕೆ ತಂದಿದ್ದರು.

ಈಗ ಸುನಂದಾಳ ಮಗಳು ಶೀಲಾಳ ಮದುವೆ ಇಳಕಲ್ಲಿನಲ್ಲಿ ಮಾಡುವುದೆಂದು ಗೊತ್ತಾಗಿತ್ತು.

“ಅಣ್ಣಾ, ನೀ ಬಂಗಾರ, ಬಟ್ಟಿ ಏನೂ ಮಾಡಬ್ಯಾಡ” ಎಂದಿದ್ದಳು ಸುನಂದಾ. “ನಾ ಬಂದಂಗ ನನ್ನ ಮಗಳೂ ಅಪ್ಪನ ಗಾಡ್ಯಾಗ ಮಂಟಪಕ್ಕ ಬರಬೇಕು. ಸೋದರಮಾವ ನೀನ ನಡಸಬೇಕು. ಇದೊಂದ ನನ್ನ ಆಸೆ.”

ಇದಕ್ಕಿಂತ ಸುಲಭದ ಉಡುಗೊರೆ ಇರಲಿಲ್ಲ. ಕೆಡಿಸಿದ್ದು ಒಂದು ಶಬ್ದ.

ನಿಶ್ಚಯದ ದಿನ ಹುನಗುಂದದಿಂದ ಬಂದಿದ್ದ ವರನ ತಂದೆ ಸಂಗಮೇಶ, ಊಟವಾದ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಡಿಕ್ಕಿ ತೆಗೆಸಿ ಬಗ್ಗಿ ನೋಡಿದರು. ಗೇಣು ಹಾಕಿ ಅಳೆದರು. ಆಮೇಲೆ ತಲೆ ಅಲ್ಲಾಡಿಸಿದರು.

“ಗಾಡಿ ಭಾಳ ಚಲೋ ಇಟ್ಟೀರಿ ಬೀಗರ. ಆದ್ರ ಮದವಿಗೆ ಪಿಕಪ್ ಬೇಕರಿ. ಪಿಕಪ್ ಇಲ್ಲದ ನಡಿಯೂದಿಲ್ಲ.”

ಅಷ್ಟರಲ್ಲಿ ಯಾರೋ ಕರೆದರು, ಅವರು ಹೊರಟುಹೋದರು. ಮಾಸ್ತರರ ಬಾಯೊಳಗಿನ ಎಲೆ ಕಹಿಯಾಯಿತು. ಕಾಲು ಒತ್ತಿದ ಕೂಡಲೇ ಮುಂದೆ ಜಿಗಿಯದ ಗಾಡಿಗೆ ನಮ್ಮ ಕಡೆ ಪಿಕಪ್ ಇಲ್ಲ ಎನ್ನುತ್ತಾರೆ. ಅಪ್ಪನ ಕಾರಿಗೆ ಪಿಕಪ್ ಇಲ್ಲ ಎಂದರೆ ಮನೆತನಕ್ಕೇ ಪಿಕಪ್ ಇಲ್ಲ ಎಂದ ಹಾಗೆ. ಅದನ್ನೂ ಬೀಗರ ಬಾಯಿಂದ ಕೇಳುವುದೆಂದರೆ! ಇನ್ನೊಬ್ಬನಾಗಿದ್ದರೆ “ಹಂಗಂದ್ರ ಏನ್ರಿ?” ಎಂದು ಕೇಳಿ ಅಲ್ಲಿಗೇ ಮುಗಿಸುತ್ತಿದ್ದ. ಮಾಸ್ತರರು ವಿಜ್ಞಾನ ಓದಿದವರು. ಪ್ರಶ್ನೆ ಕೇಳುವ ಮೊದಲೇ ಉತ್ತರ ಸಿದ್ಧಪಡಿಸುವ ಶಿಸ್ತು ಅವರಿಗೆ ಒಲಿದಿತ್ತು.

ಮರುದಿನವೇ ಕಾರು ಅಫ್ಜಲನ ಗ್ಯಾರೇಜಿಗೆ ಹೋಯಿತು. ಅಫ್ಜಲ ಫೋನಿನಲ್ಲಿ ಹೊರದೇಶದ ರೇಸು ನೋಡಿ ನೋಡಿ, ಟ್ರ್ಯಾಕ್ಟರಿಗೂ ಜೋಡಿ ಸೈಲೆನ್ಸರ್ ಹಾಕುವ ಉಮೇದಿನಲ್ಲಿದ್ದ ಮೆಕ್ಯಾನಿಕ್.

“ವರಿಜಿನಲ್ ಎಂಜಿನ್ನಾಗ ಪಿಕಪ್ ಬರಬೇಕು, ಅಫ್ಜಲ. ಬ್ಯಾರೆ ಎಂಜಿನ್ ಕೂಡಸೂ ಮಾತು ಇಲ್ಲ. ಅದು ನಮ್ಮಪ್ಪನ ಎಂಜಿನ್ನು.”

“ಬರತೈತ್ರಿ ಸರ! ಹೆಡ್ ತೇಯಸೂಣು, ಎರಡು ಕಾರ್ಬರೇಟರ್ ಹಾಕೂಣು, ಕ್ಯಾಮ್ ಬದಲ ಮಾಡೂಣು. ಕುದರಿ ಆಕ್ಕೈತ್ರಿ, ಕುದರಿ!”

“ಅಶ್ವಶಕ್ತಿ ಅನ್ನು” ಎಂದು ಮಾಸ್ತರರು ತಿದ್ದಿದರು.

ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡನ್ನು ತೇಯ್ದು ತೆಳ್ಳಗೆ ಮಾಡಿದರೆ ಪೆಟ್ರೋಲು ಗಾಳಿಯ ಮಿಶ್ರಣ ಇನ್ನಷ್ಟು ಬಿಗಿಯಾಗಿ ಒತ್ತಲ್ಪಡುತ್ತದೆ. ಕ್ಯಾಮ್ ಬದಲಿಸಿದರೆ ವಾಲ್ವುಗಳು ಹೆಚ್ಚು ಹೊತ್ತು ತೆರೆದಿರುತ್ತವೆ. ಎಂಜಿನ್ನು ಓಡುವಾಗ ಎದೆತುಂಬ ಉಸಿರಾಡುತ್ತದೆ, ನಿಧಾನವಾದಾಗ ಏದುಸಿರು ಬಿಡುತ್ತದೆ. ಇದು ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು. ಸ್ಟೂಲಿನ ಮೇಲೆ ಕೂತು ಅಫ್ಜಲನಿಗೆ ಪಾಠವನ್ನೂ ಮಾಡಿದರು. ಆದರೆ ನಿಧಾನದ ಭಾಗವನ್ನು ಗುರುಶಿಷ್ಯರಿಬ್ಬರೂ ಪರೀಕ್ಷೆಗೆ ಬಾರದ ಅಧ್ಯಾಯದಂತೆ ಬಿಟ್ಟುಬಿಟ್ಟರು.

ಕೆಲಸ ಮುಗಿದ ಮೇಲೆ ಬಾದಾಮಿ ದಾರಿಯಲ್ಲಿ ಪರೀಕ್ಷೆ ನಡೆಯಿತು. ಕಾರು ಹಾರಿತು. ಅದನ್ನು ವರ್ಷಗಟ್ಟಲೆ ಹಿಂದೆ ಹಾಕುತ್ತ ಬಂದಿದ್ದ ಬಸ್ಸಿನ ಡ್ರೈವರ್, ಈಗ ತಾನೇ ಹಿಂದೆ ಬಿದ್ದು, ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ಮಾಸ್ತರರ ಕಣ್ಣು ತುಂಬಿಬಂತು. ಕೆರೂರಿನಲ್ಲಿ ಅಂದು ಸಂತೆ. ಜನರ ನಡುವೆ ನುಸುಳಬೇಕಾದಾಗ ಕಾರು ಗಡಗಡ ನಡುಗಿ, ಎರಡು ಸಲ ಢಂ ಎಂದು, ಬದನೆಕಾಯಿಯ ರಾಶಿಯ ಮುಂದೆ ಆರಿಹೋಯಿತು.

“ಯಪ್ಪಾ, ಚಳಿಜ್ವರ ಬಂದೈತಿ ಇದಕ್ಕ” ಎಂದಳು ಬದನೆಕಾಯಿ ಮಾರುವವಳು. “ದವಾಖಾನಿಗೆ ಒಯ್ಯಿರಿ ಮದ್ಲ!”

“ಇದು ರೇಸ್ ಎಂಜಿನ್ನಿನ ಲಕ್ಷಣರಿ ಸರ” ಎಂದ ಅಫ್ಜಲ.

ಮಾಸ್ತರರು ಒಪ್ಪಿದರು. ದೋಷಕ್ಕೆ ಲಕ್ಷಣವೆಂದು ಹೆಸರಿಟ್ಟ ಮೇಲೆ ರಿಪೇರಿಯ ಮಾತೆಲ್ಲಿ?

ಸುನಂದಾ ಒಬ್ಬಳೇ ಸಂಶಯಪಟ್ಟಳು. “ಅಣ್ಣಾ, ಇದ್ಯಾಕ ಹಿಂಗ ಒದರಾಕತ್ತೈತಿ? ಅಪ್ಪನ ಗಾಡಿ ಸಾವಕಾಶ ಹೊಕ್ಕಿತ್ತಲ್ಲ?”

“ಸಾವಕಾಶ ಹೋಗಾಕ ಯಾವ ಗಾಡಿಗೆ ಬರೂದಿಲ್ಲ? ಪಿಕಪ್ ನೋಡು, ಪಿಕಪ್!”

“ಪಿಕಪ್ ತುಗೊಂಡು ಏನ ಮಾಡ್ಲಿ? ನನ್ನ ಮಗಳು ಮಂಟಪಕ್ಕ ಮುಟ್ಟಿದ್ರ ಸಾಕು.”

ಮದುವೆಯ ಬೆಳಿಗ್ಗೆ ಶೀಲಾಳನ್ನು ಹಿಂದೆ, ಅಫ್ಜಲನನ್ನು ಪಕ್ಕಕ್ಕೆ ಕೂಡಿಸಿಕೊಂಡು ಮಾಸ್ತರರು ನವನಗರದಿಂದ ಹೊರಟರು. ಹುನಗುಂದ ದಾಟಿದ ಮೇಲೆ ಬೀಗರ ಜೀಪು ಕಂಡಿತು. ಅದನ್ನು ಹಿಂದೆ ಹಾಕುವಾಗ ಮಾಸ್ತರರು ಸಂಗಮೇಶರ ಕಡೆ ನೋಡಲಿಲ್ಲ. ನೋಡದೆ ಇರುವುದರಲ್ಲಿದ್ದ ಸುಖ ನೋಡಿದರೆ ಸಿಗುತ್ತಿರಲಿಲ್ಲ.

“ಮಾಮಾ, ನನ್ನ ದಂಡಿ ಜಾರಾಕತ್ತೈತಿ!” ಎಂದು ಶೀಲಾ ತಲೆಯ ಹೂವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಇಳಕಲ್ಲಿನಲ್ಲಿ ಗುಡಿಯಿಂದ ಕಲ್ಯಾಣ ಮಂಟಪದವರೆಗೆ ಮೆರವಣಿಗೆ. ಬಾಜಾದವರು ಮುಂದೆ ನಿಂತು ಶುರು ಮಾಡಿದರು. ಮಾಸ್ತರರು ಮೊದಲ ಗೇರು ಹಾಕಿದರು. ಕಾರು ಒಮ್ಮೆ ಮುಗ್ಗರಿಸಿತು, ಒಮ್ಮೆ ಜಿಗಿಯಿತು. ಢಂ ಎಂದಾಗ ಜನ ಪಟಾಕಿಯೆಂದು ತಿಳಿದು ಖುಷಿಪಟ್ಟರು. ಮತ್ತೆ ಜಿಗಿದಾಗ ಬಂಪರ್ ಹೋಗಿ ಡ್ರಮ್ಮಿನವನ ಹಿಂಬದಿಗೆ ಮುಟ್ಟಿತು.

“ಮಾಸ್ತರ! ಮದವಿ ಐತೋ ರೇಸ್ ಐತೋ ಮದ್ಲ ಹೇಳ್ರಿ!” ಎಂದು ಅವನು ತಿರುಗಿ ಒದರಿದ.

ಬಾನೆಟ್ಟಿನಿಂದ ಹಬೆ ಎದ್ದು, ಎಂಜಿನ್ನು ಕೊನೆಯದಾಗಿ ಒಮ್ಮೆ ಕೆಮ್ಮಿ ನಿಂತಿತು. ಎಷ್ಟು ಕೀಲಿ ತಿರುಗಿಸಿದರೂ ಏಳಲಿಲ್ಲ. ಬೀದಿಯ ಆ ತುದಿಯಲ್ಲಿ ಆರತಿ ಹಿಡಿದು ನಿಂತ ಸುನಂದಾ ಕಾಣುತ್ತಿದ್ದಳು. ಅಕ್ಕಿಕಾಳು ಹಾಕುವ ಮುಹೂರ್ತ ಹತ್ತಿರ ಬಂದಿತ್ತು.

“ಇರಲಿ ಬಿಡ್ರಿ ಮಾಮಾ, ನಡಕೊಂತ ಹೊಕ್ಕೇನಿ” ಎಂದು ಶೀಲಾ ಬಾಗಿಲಿಗೆ ಕೈ ಹಾಕಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಮಾಸ್ತರರನ್ನು ಕೊಂದಿತು. ತಂಗಿ ಕೇಳಿದ್ದು ಒಂದೇ ಒಂದು, ಅದೂ ಹೋಯಿತು.

ಅಷ್ಟರಲ್ಲಿ ಸಂಗಮೇಶರು ಜೀಪಿನಿಂದಿಳಿದು ಬಂದರು. “ನಾ ನಿಶ್ಚೇದ ದಿನಾನ ಹೇಳಿದ್ನಿ, ಬೀಗರ, ಪಿಕಪ್ ಬೇಕಂತ!”

“ಪಿಕಪ್ ಐತ್ರಿ!” ಮಾಸ್ತರರು ಬಾನೆಟ್ಟಿನತ್ತ ಕೈ ತೋರಿಸಿದರು. “ಹೆಡ್ ತೇಯಿಸಿ, ಕ್ಯಾಮ್ ಬದಲ ಮಾಡಿ, ಎಷ್ಟು ಪಿಕಪ್ ತಂದೇನಿ...”

“ಯಾವ ಹೆಡ್ರಿ? ಭಾಂಡೆ, ಗಾದಿ, ಕಪಾಟು ನಿಮ್ಮ ಡಿಕ್ಕ್ಯಾಗ ಹಿಡಿತಿದ್ದವೇನು? ಸಾಮಾನ ಹೇರಾಕ ಒಂದು ಪಿಕಪ್ ಗಾಡಿ ಹೇಳ್ರಿ ಅಂದಿದ್ನಿ. ನೀವು ಹೇಳಲಿಲ್ಲ, ನಾನ ಹೇಳೇನಿ. ಅಗಾ, ನಿಂತೈತಿ.”

ಗುಡಿಯ ಪಕ್ಕದಲ್ಲಿ, ಬೆನ್ನ ಮೇಲೆ ಕಪಾಟು, ಗಾದಿ, ಕೊಡ ಹೊತ್ತುಕೊಂಡು ಪಿಕಪ್ ನಿಂತಿತ್ತು. ಮಾಸ್ತರರು ಅದನ್ನು ನೋಡಿದರು. ಅಫ್ಜಲ ಮಾಸ್ತರರನ್ನು ನೋಡಿದ.

“ತಡಿಯವ್ವಾ ಶೀಲಾ, ಇಳೀಬ್ಯಾಡ” ಎಂದರು ಮಾಸ್ತರರು. “ಅಫ್ಜಲ, ಹಗ್ಗ ತಾ.”

ಮುಂದೆ ಬಾಜಾ, ಅದರ ಹಿಂದೆ ಪಿಕಪ್, ಪಿಕಪ್ಪಿನ ಹಿಂದೆ ಹಗ್ಗಕ್ಕೆ ಬಿದ್ದ ಬಿಳಿಯ ಫಿಯಾಟು. ಕೊಡಗಳು ಡ್ರಮ್ಮಿಗೆ ತಾಳ ಹಾಕಿದವು. ಸತ್ತ ಎಂಜಿನ್ನಿನ ಕಾರು ಸದ್ದಿಲ್ಲದೆ, ಕುಲುಕದೆ ಸಾಗಿತು. ಸ್ಟೇರಿಂಗ್ ಹಿಡಿದು ಬ್ರೇಕು ಮೆಟ್ಟುವುದಷ್ಟೇ ಮಾಸ್ತರರ ಕೆಲಸ.

“ಅಜ್ಜ ಹಿಂಗ ನಡಸ್ತಿದ್ದರೇನ್ರಿ ಮಾಮಾ?”

“ಹೂಂನವ್ವಾ. ಬರೊಬ್ಬರಿ ಹಿಂಗ.”

“ಮತ್ತ ಇಷ್ಟು ದಿನ ಗ್ಯಾರೇಜಿನ್ಯಾಗ ಏನ ಮಾಡಿದ್ರಿ?”

ಮಾಸ್ತರರು ಮುಂದಿನ ಹಗ್ಗದ ಮೇಲೆ ದೃಷ್ಟಿಯಿಟ್ಟರು.

ಸುನಂದಾ ಮಗಳಿಗೆ ಆರತಿ ಬೆಳಗಿದಳು. ಕಣ್ಣೊರೆಸಿಕೊಂಡು, “ಅಪ್ಪ ತಂದಂಗ ತಂದಿ ಅಣ್ಣಾ” ಎಂದಳು. ಆಮೇಲೆ ಮುಂದೆ ಹೋಗಿ ಪಿಕಪ್ಪಿನ ಬಾನೆಟ್ಟಿಗೂ ಒಂದು ಕುಂಕುಮ ಹಚ್ಚಿದಳು.

ಸಂಗಮೇಶರು ಅವಸರ ಮಾಡಿದರು. “ಬೀಗರ, ಗಾಡಿ ಬಿಚ್ಚೂಣು ನಡೀರಿ, ದಾರಿ ಬಂದಾಗೇತಿ.”

ಅಫ್ಜಲ ಆಗಲೇ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಬಾನೆಟ್ಟಿನತ್ತ ಬಾಗಿದ್ದ. ಮಾಸ್ತರರು ಅವನ ತೋಳು ಹಿಡಿದರು.

“ತಡಿಯೋ” ಎಂದು ಬೀಗರ ಕಡೆ ತಿರುಗಿ ಕೇಳಿದರು, “ಬಿಚ್ಚೂದಂದ್ರ ಏನ್ರಿ? ಹಗ್ಗ ಹೌದಲ್ರಿ?”