ಇನ್ಸುಲೇಟರಿಗೆ ಹಚ್ಚಿದ ಕುಂಕುಮ

ಕಾವೂರಿನಾಚೆಯ ರಾಸಾಯನಿಕ ಕಾರ್ಖಾನೆಗೆ ೧೯೮೪ರಲ್ಲಿ ವಿದ್ಯುತ್ತನ್ನು ಹತೋಟಿಯಲ್ಲಿಡುವ ಪೆಟ್ಟಿಗೆ, ವಿದೇಶದ ಸ್ವಿಚ್‌ಗೇರ್ ಬಂತು. ಎಂಜಿನಿಯರ್ ಲೋಕನಾಥ ಅದರ ಗುಣಗಾನ ಮಾಡಿ ಕಂಡಕಂಡವರ ತಲೆ ತಿನ್ನುತ್ತಿದ್ದ. ನಮ್ಮ ಕಡಲಿನ ಉಪ್ಪು ಗಾಳಿಯಲ್ಲಿ ವಿದ್ಯುತ್ತು ಹಾರದಿರಬೇಕಾದರೆ ತಂತಿಗಳನ್ನು ಮಾರು ದೂರ ಇಡಬೇಕು. ಈ ಪೆಟ್ಟಿಗೆಯ ಅನಿಲದಲ್ಲಿ ಗೇಣು ಸಾಕು. ಸುತ್ತಲಿನ ಲೋಹದ ಕವಚವನ್ನು ನೆಲಕ್ಕೆ ಜೋಡಿಸಿ ಅರ್ಥ್ ಮಾಡಿಬಿಟ್ಟರೆ ಒಳಗಿನ ವಿದ್ಯುತ್ ಕ್ಷೇತ್ರ ಹೊರಗೆ ಇಣುಕುವುದಿಲ್ಲ. ಒಳಗೆ ಧೂಳು, ತೇವ ಮಾತ್ರ ಕೂಡದು. ಇದೊಂದನ್ನು ಸುಸೂತ್ರ ನಡೆಸಿಕೊಟ್ಟರೆ ಅವನ ನೌಕರಿ ಕಾಯಂ ಆಗುವುದಿತ್ತು.

ಆ ನೌಕರಿ ಕೊಡಿಸಿದ್ದು ಅವನ ಸೋದರಮಾವ, ಕಾರ್ಖಾನೆಯ ಮ್ಯಾನೇಜರ್ ಚಿತ್ತರಂಜನ ಶೆಟ್ಟರು. ಅಳಿಯಕಟ್ಟಿನ ಮನೆ, ಸೋದರಮಾವನೇ ಯಜಮಾನ, ಅವರ ಮಾತಿಗೆ ಎದುರಿಲ್ಲ.

ಮುಚ್ಚಳ ಬಿಗಿಯುವ ದಿನ ಮಾವ ಪೂಜೆ ಇಟ್ಟರು. ಲೋಕನಾಥ ಸ್ಪಿರಿಟಿನಲ್ಲಿ ಒರೆಸಿ ಫಳಫಳ ಮಾಡಿದ್ದ, ವಿದ್ಯುತ್ತು ಕವಚಕ್ಕೆ ಹಾರದಂತೆ ತಡೆಯುವ ಒಳಗಿನ ಇನ್ಸುಲೇಟರಿಗೇ ಗಂಧ, ಕುಂಕುಮ ಹಚ್ಚಲು ಹೇಳಿದರು. ಬೇಡ, ಹೊರಗಿನ ಕವಚಕ್ಕೆ ಹಚ್ಚುವ ಎಂದು ಅವನು ಅಂಗಲಾಚಿದ. ಹೊರಗಿನದು ಬರೀ ತಗಡು, ಶಕ್ತಿ ಇರುವುದು ಒಳಗಲ್ಲವೇ ಎಂದು ಮಾವ ಹರಿವಾಣ ಮುಂದೆ ಹಿಡಿದರು. ಮಾಲೀಕರು ನೋಡುತ್ತ ನಿಂತಿದ್ದರು. ಆಮೇಲೆ ಒರೆಸಿದರಾಯಿತು ಎಂದುಕೊಂಡ ಲೋಕನಾಥ. ಹೇಡಿಗೆ ಈ ಆಮೇಲೆ ಎಂಬುದು ಯಾವಾಗಲೂ ಒದಗಿ ಬರುತ್ತದೆ. ತನ್ನ ಕೈಯಾರೆ ಹಚ್ಚಿದ.

ಒರೆಸಲು ಬಟ್ಟೆ ತೆಗೆದಾಗ ಮಾವ ಕೈ ಹಿಡಿದರು.

“ದೇವರ ಕುಂಕುಮ ಒರೆಸುವುದಾ? ಮುಹೂರ್ತ ಮೀರ್ತದೆ, ಮುಚ್ಚು ಮಾರಾಯ.”

ಮುಚ್ಚಿದ. ಒಳಗಿನ ಗಾಳಿ ಎಳೆದು ಅನಿಲ ತುಂಬಿದ. ಮರುದಿನ ವಿದ್ಯುತ್ತು ಹರಿಸಿದ್ದೇ ತಡ, ಪೆಟ್ಟಿಗೆಯೊಳಗೆ ಸಿಡಿಲು ಬಡಿದಂತೆ ಸದ್ದಾಯಿತು. ಕುಂಕುಮದ ಹಾದಿ ಹಿಡಿದು ವಿದ್ಯುತ್ತು ಕವಚಕ್ಕೆ ಹಾರಿತ್ತು. ಕವಚ ತನ್ನ ಕೆಲಸ ಮಾಡಿತ್ತು. ಪಕ್ಕದಲ್ಲೇ ನಿಂತಿದ್ದ ಎಲೆಕ್ಟ್ರಿಷಿಯನ್ ಗುರುವಪ್ಪನ ಕೂದಲೂ ಕೊಂಕಲಿಲ್ಲ. ಆದರೆ ಇನ್ಸುಲೇಟರ್ ಸೀಳಿತು, ಹೊಸದು ಬರುವವರೆಗೆ ಕಾರ್ಖಾನೆಗೆ ಬೀಗ ಬಿತ್ತು.

ಒಳಗೆ ಕುಂಕುಮ ಹೇಗೆ ಬಂತು ಎಂದು ವಿಚಾರಣೆಯಲ್ಲಿ ಯಂತ್ರದ ಕಂಪೆನಿಯವರು ಕೇಳಿದರು. ಮಾಲೀಕರು ಕಿಟಕಿಯಾಚೆ ನೋಡಿದರು. ಉತ್ತರ ಕೊಟ್ಟದ್ದು ಮಾವ.

“ಒಳಗೆ ಕೈ ಹಾಕಿದ್ದು ಇವನೇ. ಓದಿದವನು, ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ?”

ಅವನು ಬೇಡವೆಂದದ್ದನ್ನು ಕಿವಿಯಾರೆ ಕೇಳಿದ್ದವರೆಲ್ಲ ಅಲ್ಲೇ ಕುಳಿತಿದ್ದರು. ಲೋಕನಾಥನ ಕೆಲಸ ಹೋಯಿತು.

ದೇರೆಬೈಲಿನ ಮನೆಯಲ್ಲಿ ಅವನ ತಾಯಿ ಶಶಿಪ್ರಭಾ ಅಣ್ಣನ ಪರವೇ ನಿಂತರು.

“ಅವರ ಮರ್ಯಾದೆ ತೆಗೆದಿಯಲ್ಲ. ಹೋಗಿ ಕಾಲು ಹಿಡಿ. ಅವರು ಬೇಡ ಅಂದ್ರೆ ಈ ಮನೆಯಲ್ಲಿ ನಮಗೆ ಜಾಗ ಉಂಟಾ?”

ಅವನಿಗೆ ಮೈಯೆಲ್ಲ ಉರಿಯಿತು. ಆದರೂ ಹೋದ, ಬಗ್ಗಿ ಕಾಲು ಹಿಡಿದ. ಮಾವ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.