ಉಗುರಿಗೆ ಸಿಗುವ ಅಂಕಿ

ಅಣ್ಣನ ಹೆಬ್ಬೆರಳಿನ ಉಗುರಿಗೆ ಪಂಪು ರಿಪೇರಿ ಕಾರ್ಖಾನೆಯಲ್ಲೆಲ್ಲ ಹೆಸರಿತ್ತು. ಬೋಲ್ಟಿನ ಥ್ರೆಡ್ ಮೇಲೆ ಒಮ್ಮೆ ಸರ್ರನೆ ಎಳೆದರೆ ಸಾಕು, ಅದು ಯಾವ ಪಂಪಿನದು, ಹೊಸದೋ ಸವೆದದ್ದೋ ಹೇಳಿಬಿಡುತ್ತಿದ್ದ. ಇಪ್ಪತ್ತಾರು ವರ್ಷದಿಂದ ಅಲ್ಲಿನ ಸ್ಟೋರ್ ರೂಮು ಅವನದು.

ಕೈಕೊಟ್ಟದ್ದು ಕಣ್ಣು. ಒಂದು ವರ್ಷದಿಂದ ಅಂಕಿಗಳೆಲ್ಲ ನೀರಿನಲ್ಲಿ ಅದ್ದಿದ ಹಾಗೆ ಕಾಣತೊಡಗಿದ್ದವು. ಹಳೆಯ ಮರದ ಕಪಾಟು ಇದ್ದಷ್ಟು ದಿನ ಅದು ಯಾರಿಗೂ ಗೊತ್ತಾಗಲಿಲ್ಲ. ಯಾವುದು ಎಲ್ಲಿದೆಯೆಂದು ಅವನ ಕೈಗೇ ಗೊತ್ತಿತ್ತು. ಆಮೇಲೆ ಯಜಮಾನರು ನೂರೆಂಬತ್ತು ಡ್ರಾಯರಿನ ಸ್ಟೀಲ್ ರ‍್ಯಾಕ್ ತರಿಸಿದರು. ಎಲ್ಲ ಒಂದೇ ಅಳತೆ, ಒಂದೇ ಬಣ್ಣ, ಬೇರೆಯಾದದ್ದು ಮೇಲಿನ ನಂಬರು ಮಾತ್ರ. ಅದೂ ಸಾಲದೆಂದು ಮೆಕ್ಯಾನಿಕ್‌ಗಳು ಡ್ರಾಯರನ್ನೇ ಎಳೆದು ಬೆಂಚಿಗೆ ಒಯ್ಯುತ್ತಾರೆ, ತಿರುಗಿ ತರುವಾಗ ಕಂಡ ಸಂದಿಗೆ ತುರುಕುತ್ತಾರೆ. ಪ್ಯಾಕೆಟ್ಟಿನೊಳಗಿನ ಸೀಲು, ವಾಷರುಗಳಿಗೆ ಉಗುರು ನಾಟುವುದಿಲ್ಲವಲ್ಲ. ಮೊದಲ ವಾರವೇ ಅಣ್ಣ ಮೂರು ಸಲ ತಪ್ಪು ಸಾಮಾನು ಕೊಟ್ಟ.

"ಬುಧವಾರ ನಾನೇ ಬಂದು ಹತ್ತು ಸಾಮಾನು ಕೇಳ್ತೀನಿ" ಎಂದರು ಯಜಮಾನರು. "ಒಂದು ತಪ್ಪಿದ್ರೂ ಸ್ಟೋರು ಬೇರೆಯವರಿಗೆ. ನಿಮಗೆ ಗೇಟಿನ ಹತ್ತಿರ ಕೂತು ಮಾಡೋ ಕೆಲಸ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

ಅಂದು ಶುಕ್ರವಾರ. ಅಣ್ಣ ನೇರ ತಂಗಿಯ ಮನೆಗೆ ಬಂದ. ಅವಳ ಮನೆಯ ಮುಂದಿನ ಕೋಣೆಯೇ ಅಂಗಡಿ. ಲೇಸರ್ ಯಂತ್ರದಲ್ಲಿ ಬಾಗಿಲ ಫಲಕ, ಕೀಲಿಯ ಬಿಲ್ಲೆ, ಲೇಬಲ್ಲುಗಳನ್ನು ಕೆತ್ತಿ ಕೊಡುತ್ತಿದ್ದಳು.

"ಪುಟ್ಟಿ, ಉಗುರಿಗೆ ಸಿಗೋ ಹಾಗೆ ಅಂಕಿ ಕೆತ್ತೋಕಾಗುತ್ತಾ?"

"ಬೆರಳಲ್ಲಿ ಓದೋ ಚುಕ್ಕಿ ಲಿಪಿ ಇದೆಯಲ್ಲ, ಅದು ಬೇಡ್ವಾ?"

"ಬುಧವಾರದೊಳಗೆ ಕಲಿಯೋದು ಯಾರು? ಆ ಮೆಕ್ಯಾನಿಕ್‌ಗಳೂ ಓದಬೇಕಲ್ಲ. ಕಣ್ಣಿದ್ದೂ ಅವರಿಗೆ ಅಂಕಿ ಕಾಣಲ್ಲ, ಅದು ಬೇರೆ ಮಾತು."

ಅವಳು ಒಲೆಯ ಮೇಲೆ ಹಾಲಿಟ್ಟು ಬಂದು, ದಿನಾ ಬಳಸುವ ದಪ್ಪ ಫಾಂಟಿನಲ್ಲಿ ಒಂದು ಇಂಗ್ಲಿಷ್ ಎಂಟನ್ನು ಕೆತ್ತಿಕೊಟ್ಟಳು. ಅಣ್ಣ ಉಗುರಿಟ್ಟು ಮುಖ ಕಿವುಚಿದ. ಅಂಥ ಫಾಂಟಿನಲ್ಲಿ ಯಂತ್ರ ಅಂಕಿಯ ಅಂಚನ್ನೆಲ್ಲ ಸುತ್ತಿ ಬರುತ್ತದೆ, ಒಂದು ಗೆರೆ ಇರಬೇಕಾದಲ್ಲಿ ಎರಡು ಬೀಳುತ್ತವೆ.

"ಒಂದು ಊರಿಗೆ ಎರಡು ರಸ್ತೆ ಮಾಡಿದ್ದೀಯ. ಯಾವುದರಲ್ಲಿ ಹೋಗ್ಲಿ?"

ಹಾಗಾದರೆ ಒಂಟಿ ಗೆರೆಯ ಫಾಂಟೇ ಆಗಬೇಕು. ಅದರಲ್ಲಿ ಅಂಕಿಗೆ ದಪ್ಪವೆನ್ನುವುದೇ ಇಲ್ಲ, ಪೆನ್ನು ಹೋದ ದಾರಿ ಮಾತ್ರ. ಅವಳ ಬಳಿ ಅಂಥವು ನಾಲ್ಕಿದ್ದವು. ಮದುವೆ ಉಡುಗೊರೆಗೆ ಕೆತ್ತುವ, ಬಳುಕುವ ಬಾಲದ ಫಾಂಟು ಅವಳಿಗೆ ಅಚ್ಚುಮೆಚ್ಚು. ಅಣ್ಣ ಅದರ ಏಳನ್ನು ಹಿಡಿದು, "ಇದು ಮುಗಿಯೋಷ್ಟರಲ್ಲಿ ನನ್ನ ರಿಟೈರ್‌ಮೆಂಟ್ ಬರುತ್ತೆ" ಎಂದ. ಇನ್ನೊಂದರಲ್ಲಿ ಒಂದಕ್ಕೂ ಏಳಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. ಮೂರನೆಯದು ನಕ್ಷೆ ಬರೆಯುವವರ ಸಾದಾ ಅಂಕಿ. ನೋಡಲು ಬಡಕಲು, ಬರೀ ಎಲುಬು. ಅದನ್ನು ಅಣ್ಣ ಎರಡು ಸಲ ಸವರಿ, "ಇದು ಎಂಟು" ಎಂದು ಥಟ್ಟನೆ ಹೇಳಿದ. ಉಳಿದ ಅಂಕಿಗಳನ್ನೂ ಹಾಗೆಯೇ ಗುರುತಿಸಿದ.

ಅವಳಿಗೆ ಮಾತ್ರ ಆ ಎಂಟಿನ ನಡುವೆ ಒಂದು ಕಪ್ಪು ಗುಳಿ ಕಾಣಿಸಿತು. ಗೆರೆಯ ಮೇಲೆ ಗೆರೆ ಹಾಯುವ ಕಡೆ ಲೇಸರ್ ಎರಡು ಸಲ ಸುಡುತ್ತದೆ. ಗಿರಾಕಿಗೆ ಅಂಥ ಲೇಬಲ್ ಕೊಟ್ಟವಳೇ ಅಲ್ಲ ಅವಳು. ಶನಿವಾರ ಬಟ್ಟೆ ಒಣಹಾಕುವುದು, ಮಗಳ ತಲೆ ಬಾಚುವುದು, ಇವುಗಳ ನಡುವೆ ಒಂದೊಂದು ಅಂಕಿಯನ್ನೂ ತೆರೆದು, ಗೆರೆ ಕೂಡುವ ಕಡೆಗಳನ್ನೆಲ್ಲ ಕೂದಲೆಳೆಯಷ್ಟು ಬಿಡಿಸಿದಳು. ಸಂಜೆಗೆ ಬಂದ ಲೇಬಲ್ಲುಗಳು ಬೆಣ್ಣೆಯ ಹಾಗೆ ನಯವಾಗಿದ್ದವು.

ಅಣ್ಣ ಉಗುರಿಟ್ಟ. "ಮೂರು."

"ಎಂಟು."

"ಇದು ಸೊನ್ನೆ."

"ಆರು, ಅಣ್ಣ."

ಅವನು ಲೇಬಲ್ಲನ್ನು ಮೇಜಿನ ಮೇಲಿಟ್ಟ. "ನಿನ್ನೆಯದೇ ಚೆನ್ನಾಗಿತ್ತು."

"ನಿನ್ನೆಯದು ಕೊಳಕಾಗಿತ್ತು. ಅರ್ಧ ದಿನ ಕೂತು ಸರಿ ಮಾಡಿದ್ದೀನಿ."

"ಅಮ್ಮ, ಮಾವ ಹೇಳಿದ್ದೂ ಕೇಳು" ಎಂದಳು ಮಗಳು, ಪಾಠದ ಪುಸ್ತಕದಿಂದ ತಲೆ ಎತ್ತದೆ.

ಸಿಟ್ಟು ನುಂಗಿಕೊಂಡು ಅವಳು ನಿನ್ನೆಯ ಲೇಬಲ್ಲುಗಳನ್ನು ಹುಡುಕಿ ತಂದಳು. ಕಣ್ಣು ಮುಚ್ಚಿ ತಾನೇ ಉಗುರೆಳೆದಳು. ಎಂಟರ ನಡುವೆ ಉಗುರು ಟಕ್ಕೆಂದು ಇಳಿಯಿತು. ಸೊನ್ನೆಯಲ್ಲಿ ನೆತ್ತಿಯ ಮೇಲೆ, ಶುರುವೂ ಕೊನೆಯೂ ಸೇರುವ ಕಡೆ. ಆರರಲ್ಲಿ ಕೆಳಗೆ, ಸುತ್ತು ಮುಗಿಯುವಲ್ಲಿ. ಮೂರರಲ್ಲಿ ಎಲ್ಲೂ ಇಲ್ಲ. ತಾನು ಇಷ್ಟು ವರ್ಷ ಒರೆಸಿ ತೆಗೆಯುತ್ತಿದ್ದುದನ್ನು ಅಣ್ಣ ಮೊದಲ ದಿನವೇ ಓದಿದ್ದ, ಯಾರೂ ಹೇಳಿಕೊಡದೆ.

"ಈ ಗುಳಿಗಳು ನಿನಗೆ ಮೊದಲೇ ಗೊತ್ತಾಯ್ತಾ?"

"ಗುಳಿ ಅಂತ ಗೊತ್ತಿರ್ಲಿಲ್ಲ. ನೀನು ಬೇಕು ಅಂತಾನೇ ಇಟ್ಟಿದ್ದೀಯ ಅಂದ್ಕೊಂಡೆ. ಎಷ್ಟು ಬುದ್ಧಿ ನಮ್ಮ ಪುಟ್ಟಿಗೆ ಅಂತ ಮನಸ್ಸಲ್ಲೇ ಹೊಗಳ್ತಿದ್ದೆ."

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ನಾಲ್ಕನೆಯ ಫಾಂಟನ್ನು ನೋಡುವ ಗೋಜಿಗೇ ಹೋಗಲಿಲ್ಲ. ಭಾನುವಾರ, ಸೋಮವಾರ ಕೂತು ನೂರೆಂಬತ್ತು ಲೇಬಲ್ ಕೆತ್ತಿದಳು, ಗುಳಿ ಇನ್ನಷ್ಟು ಆಳವಾಗಲೆಂದು ಯಂತ್ರದ ಓಟವನ್ನು ತುಸು ನಿಧಾನ ಮಾಡಿ. ಯಾವ ನಂಬರಿನಲ್ಲಿ ಯಾವ ಸಾಮಾನು ಎಂಬ ಪಟ್ಟಿಯನ್ನು ಮಗಳು ಓದಿ ಹೇಳಿದಳು. ಅಣ್ಣನಿಗೆ ಮಂಗಳವಾರದ ಹೊತ್ತಿಗೆ ಬಾಯಿಪಾಠ. ಅಂದೇ ಎಲ್ಲವನ್ನೂ ಅಂಟಿಸಿದರು.

ಬುಧವಾರ ಅವಳೂ ಹೋದಳು. ಅಣ್ಣ ಕೈ ತೊಳೆಯಲು ಹೊರಗೆ ಹೋಗಿದ್ದಾಗ ಯಜಮಾನರು ಸದ್ದಿಲ್ಲದೆ ಎರಡು ಡ್ರಾಯರುಗಳನ್ನು ಎಳೆದು ಅದಲುಬದಲು ಮಾಡಿದರು. ಅವಳತ್ತ ನೋಡಿ, ತುಟಿಯ ಮೇಲೆ ಬೆರಳಿಟ್ಟರು. ಬದಲಾದದ್ದು ಮೂವತ್ತಾರು ಮತ್ತು ಎಂಬತ್ತಾರು.

ಒಂಬತ್ತು ಸಾಮಾನು ಸಲೀಸಾಗಿ ಬಂದವು.

"ದೊಡ್ಡ ಪಂಪಿನ ಸೀಲು" ಎಂದರು ಯಜಮಾನರು.

ಎಂಬತ್ತಾರು. ಅಣ್ಣ ಸಾಲು ಎಣಿಸುತ್ತ ಅದರ ಜಾಗಕ್ಕೇ ಹೋದ. ಎಡಗೈ ಆಗಲೇ ಹಿಡಿಯ ಮೇಲಿತ್ತು. ಹೆಬ್ಬೆರಳು ಲೇಬಲ್ಲಿನ ಮೇಲೆ ಹರಿಯಿತು, ನಿಂತಿತು, ಹಿಂದೆ ಬಂದು ಮತ್ತೆ ಹರಿಯಿತು.

"ಇದು ಮೂವತ್ತಾರು" ಎಂದ. "ಯಾರು ಯಜಮಾನ್ರೇ ಇದನ್ನು ಇಲ್ಲಿ ತುರುಕಿದ್ದು? ಈ ಮೆಕ್ಯಾನಿಕ್‌ಗಳಿಗೆ ಎಷ್ಟು ಹೇಳಿದ್ರೂ ಅಷ್ಟೇ."

ಯಜಮಾನರು ಕೆಮ್ಮಿದರು. ಅಣ್ಣ ಐದು ಸಾಲು ಮೇಲೆ, ಮೂವತ್ತಾರರ ಜಾಗಕ್ಕೆ ಕೈ ಹಾಕಿ, ಲೇಬಲ್ ಸವರಿ ನೋಡಿ, ಡ್ರಾಯರನ್ನೇ ಕಿತ್ತು ತಂದ. ಸೀಲನ್ನು ಯಜಮಾನರ ಅಂಗೈಗೆ ಹಾಕಿ, ಎರಡನ್ನೂ ಅವುಗಳ ಸ್ವಂತ ಜಾಗಕ್ಕೆ ಸೇರಿಸಿದ.

ಯಜಮಾನರು ಸೀಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅವಳ ಕಡೆ ತಿರುಗಿ, "ಮುಂದಿನ ತಿಂಗಳು ಇನ್ನೊಂದು ರ‍್ಯಾಕ್ ಬರುತ್ತೆ. ಅದಕ್ಕೂ ನೀವೇ ಮಾಡಿಕೊಡಿ. ಇದೇ ಅಕ್ಷರದಲ್ಲಿ" ಎಂದರು.

"ಅದನ್ನು ಅಣ್ಣನ್ನ ಕೇಳಿ" ಎಂದಳು ಅವಳು. "ಸ್ಟೋರು ಅವನದು."

ಕೇಳಲು ಆಗ ಬಿಡುವಿರಲಿಲ್ಲ. ಕಿಟಕಿಯಲ್ಲಿ ಒಬ್ಬ ಮೆಕ್ಯಾನಿಕ್ ಕೈ ಚಾಚಿ ವಾಷರ್ ಕೇಳುತ್ತಿದ್ದ, ಅಣ್ಣ ಅವನಿಗೆ ಡ್ರಾಯರುಗಳ ವಿಷಯದಲ್ಲಿ ಚೆನ್ನಾಗಿ ಬೈಯುತ್ತಲೇ ರ‍್ಯಾಕಿನ ಕಡೆ ಹೊರಟಿದ್ದ.