ಒಳಗಿನಿಂದ ಬೀಗ

ಮೊರಾವಾ ನದಿಯ ದಡದಲ್ಲಿದ್ದ ನಮ್ಮ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ದೊಬ್ರಿವೊಯೆ. ವಿಭಾಗದ ಬಗ್ಗೆ ವಿದ್ಯಾರ್ಥಿಗಳಿಗೆ ಎಷ್ಟು ತೃಪ್ತಿಯಿದೆ ಎಂದು ಅಳೆದು ಕಳಿಸಲು ಅವರಿಗೆ ಮೇಲಿನಿಂದ ಆದೇಶ ಬಂತು. ಪ್ರಶ್ನೆಗಳ ಹಾಳೆ ಹಂಚಿದರೆ ಯಾರೂ ತುಂಬಿ ಕೊಡಲಿಲ್ಲ. ಕೊನೆಗೆ ಅವರು ನಮ್ಮ ಮೂರನೇ ವರ್ಷದವರನ್ನು ತರಗತಿಯಲ್ಲಿ ಕೂರಿಸಿ ಒಳಗಿನಿಂದ ಬೀಗ ಹಾಕಿದರು.

"ಎಲ್ಲರೂ ತುಂಬಿದ ಮೇಲೇ ಬಾಗಿಲು ತೆಗೆಯೋದು."

ನಾವು ಓದದೆಯೇ ಎಲ್ಲದಕ್ಕೂ 'ಬಹಳ ತೃಪ್ತಿ' ಎಂದು ಗುರುತು ಹಾಕಿಕೊಟ್ಟೆವು. ಪ್ರೊಫೆಸರು ಖುಷಿಯಿಂದ ಕೀಲಿ ತಿರುಗಿಸಿದರು. ಅದು ಮುರಿದು ಅರ್ಧ ಬೀಗದೊಳಗೇ ಉಳಿಯಿತು.

"ರಿಪೇರಿಯವನಿಗೆ ಫೋನ್ ಮಾಡ್ತೀನಿ," ಎಂದರು ಬೆವರು ಒರೆಸಿಕೊಳ್ಳುತ್ತ.

"ಯಾಕೆ ಪ್ರೊಫೆಸರೇ? ಇಲ್ಲಿರೋರೆಲ್ಲ ಎಂಜಿನಿಯರುಗಳೇ ಅಲ್ವಾ?" ಎಂದಳು ನನ್ನ ಗೆಳತಿ ದೂನ್ಯಾ.

ಹೇರ್‌ಪಿನ್ನು, ಕಂಪಾಸು ಹಿಡಿದು ಬೀಗ ಬಿಚ್ಚತೊಡಗಿದೆವು. ಪ್ರೊಫೆಸರು ಕೋಟು ತೆಗೆದಿಟ್ಟು ನೆಲದ ಮೇಲೆ ಕೂತು, ಯಾವ ಸ್ಪ್ರಿಂಗು ಏನು ಮಾಡುತ್ತದೆ ಎಂದು ತೋರಿಸಿಕೊಟ್ಟರು. ಬಾಗಿಲು ತೆರೆದಾಗ ಯಾರಿಗೂ ಹೊರಗೆ ಹೋಗುವ ಅವಸರವಿರಲಿಲ್ಲ.

"ಆ ಹಾಳೆ ವಾಪಸ್ ಕೊಡಿ, ನಾವು ಬರೆದಿದ್ದು ಸುಳ್ಳು," ಎಂದಳು ದೂನ್ಯಾ.

"ನಿಜ ಏನು ಹಾಗಾದ್ರೆ?"

"ಇವತ್ತಿನ ಕ್ಲಾಸು ಮಾತ್ರ ಬಹಳ ತೃಪ್ತಿ. ಇಲ್ಲಿಗೆ ಸೇರಿದ ಮೇಲೆ ಕೈಗೆ ಎಣ್ಣೆ ಹತ್ತಿದ್ದು ಇವತ್ತೇ."

ಪ್ರೊಫೆಸರು ಹಾಳೆಗಳನ್ನು ಹಿಂತಿರುಗಿಸಿದರು. ಮರುದಿನ ಕೆಟ್ಟುಹೋದ ನೀರಿನ ಪಂಪೊಂದನ್ನು ತಾವೇ ಏದುಸಿರು ಬಿಡುತ್ತ ಹೊತ್ತು ತಂದು ನಮ್ಮ ತರಗತಿಯ ಮೇಜಿನ ಮೇಲಿಟ್ಟರು.